ಕಾಲು ಕಚ್ಚುವ ಪೆಡಲು

ಚನ್ನಪಟ್ಟಣದಲ್ಲಿ ಅನಂತರಾಜು ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಸೈಕಲ್ ಶಾಪ್ ತಿಮ್ಮಯ್ಯನ ಮಗ’ ಎಂದರೆ ಮಾತ್ರ ‘ಓ, ಅವ್ನಾ’ ಎನ್ನುತ್ತಿದ್ದರು. ತಿಮ್ಮಯ್ಯ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು, ಅದೂ ಮುಚ್ಚಿ, ಈಗ ಯಾರೋ ಗೋಬಿ ಮಂಚೂರಿ ಕರಿಯುತ್ತಿದ್ದರು. ಹೆಸರು ಮಾತ್ರ ಬಿಟ್ಟಿರಲಿಲ್ಲ. ಅನಂತರಾಜುವಿಗೆ ನಲವತ್ತಾರು ತುಂಬಿತ್ತು. ಹೊಂಗನೂರಿನಲ್ಲಿ ಮನೆ, ಓಡಿಸಲು ಒಂದು ಲಗೇಜ್ ಆಟೊ, ಸುತ್ತಲ ಊರುಗಳ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಕೆಲಸ. ಆದರೂ ದಾರಿಯಲ್ಲಿ ಕಂಡವರು ಅವನನ್ನು ಸೈಕಲ್ಲಿನ ಚೈನು ಯಾಕೆ ಕಳಚುತ್ತದೆ ಎಂದು ಕೇಳುತ್ತಿದ್ದರು. ಅವನು ನಿಂತು, ಸಮಾಧಾನವಾಗಿ, ಸರಿಯಾದ ಉತ್ತರವನ್ನೇ ಹೇಳುತ್ತಿದ್ದ.

ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಅಷ್ಟಿಷ್ಟು ಬರುತ್ತಿತ್ತು, ಅಭ್ಯಾಸ ತಪ್ಪಿತ್ತು ಎಂದೇನಲ್ಲ. ಏನೇನೂ ಬರುತ್ತಿರಲಿಲ್ಲ. ತಿಮ್ಮಯ್ಯನ ಅಂಗಡಿಯಲ್ಲಿ ಒಂದು ಕಾನೂನಿತ್ತು: ಬಾಡಿಗೆ ಸೈಕಲ್ಲನ್ನು ಮನೆಯವರು ಹತ್ತುವಂತಿಲ್ಲ. ‘ಮನೆ ಮಕ್ಳು ಊರು ಸುತ್ತಿ ಬರಗಂಟ ಗಿರಾಕಿ ಬಾಗ್ಲಲ್ಲಿ ಕಾಯ್ತಾ ನಿಂತ್ಕಬೇಕಾ?’ ಎಂದು ತಿಮ್ಮಯ್ಯ ಕೇಳುತ್ತಿದ್ದ. ಹುಡುಗ ಅನಂತರಾಜು ಪಂಕ್ಚರ್ ಹಾಕಲು ಕಲಿತ, ಸೊಟ್ಟಗಾದ ರಿಮ್ಮನ್ನು ಕಡ್ಡಿ ಕಡ್ಡಿ ತಿರುಗಿಸಿ ನೆಟ್ಟಗೆ ಮಾಡಲು ಕಲಿತ, ಬೇರಿಂಗಿನ ಸದ್ದು ಕೇಳಿಯೇ ಎಷ್ಟು ಗುಂಡು ಉದುರಿವೆ ಎಂದು ಹೇಳಲು ಕಲಿತ. ಹತ್ತುವುದನ್ನು ಮಾತ್ರ ಕಲಿಯಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಕಾಲ ಮೀರಿತ್ತು. ಸೈಕಲ್ ಶಾಪ್ ತಿಮ್ಮಯ್ಯನ ಮಗ ಯಾರ ಮುಂದೆ ಹೋಗಿ ‘ನಂಗೊಸಿ ಸೈಕಲ್ ಕಲ್ಸ್ಕೊಡ್ರಪ್ಪ’ ಎಂದಾನು?

ಆಮೇಲೆ ಅವನು ಆಟೊ ತೆಗೆದುಕೊಂಡ. ಮೂರು ಚಕ್ರವಿದ್ದರೆ ಲೋಡು ಹೆಚ್ಚು ಹಿಡಿಯುತ್ತದೆ ಎಂದ. ಜನ ಅವನನ್ನು ಲೆಕ್ಕಾಚಾರದ ಮನುಷ್ಯ ಎಂದು ಹೊಗಳಿದರು. ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದ ಲತಾಮಣಿಯನ್ನು ಮದುವೆಯಾದ ಮೇಲೆ ಅವಳು ಸ್ಕೂಟರ್ ಕೊಂಡಳು. ಇಬ್ಬರೂ ಎಲ್ಲಿಗಾದರೂ ಹೊರಟರೆ ಅವಳೇ ಓಡಿಸುತ್ತಿದ್ದಳು, ಅವನು ಹಿಂದೆ ಕೈಚೀಲ ಹಿಡಿದು ಕೂರುತ್ತಿದ್ದ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ನೋಡಿದ ಹೆಂಗಸರೆಲ್ಲ ತಂತಮ್ಮ ಗಂಡಂದಿರಿಗೆ ಅನಂತರಾಜುವನ್ನು ತೋರಿಸಿ, ಗಂಡಸು ಅಂದರೆ ಹಾಗಿರಬೇಕು, ಹೆಂಡತಿಗೆ ಎಷ್ಟು ಮರ್ಯಾದೆ ಕೊಡುತ್ತಾನೆ ಎಂದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಅದನ್ನು ವಿನಯ ಎಂದುಕೊಂಡರು.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಲತಾಮಣಿ ಎರಡು ವರ್ಷ ಜರ್ಮನ್ ಭಾಷೆ ಕಲಿತು, ಪರೀಕ್ಷೆ ಪಾಸು ಮಾಡಿ, ಜರ್ಮನಿಯ ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದಳು. ಹೊರಡಲು ಇನ್ನೂ ಕೆಲವು ತಿಂಗಳಿತ್ತು. ಗಂಡ ಜೊತೆಗೆ ಬರಬಹುದು. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ಮಗಳು ಚೈತ್ರಾ ಪಿಯುಸಿ ಮುಗಿಸಿ ಬರಬಹುದು. ತಿಮ್ಮಯ್ಯ ಸಾತನೂರಿನಲ್ಲಿದ್ದ ಮಗಳು ನಾಗಲಕ್ಷ್ಮಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಯಾವ ಮಂಚ ತನ್ನದು ಎಂಬುದನ್ನು ಹೋಗಿ ನೋಡಿಕೊಂಡೂ ಬಂದಿದ್ದ.

ಅನಂತರಾಜುವಿಗೆ ಚುಚ್ಚುತ್ತಿದ್ದುದು ಒಂದೇ. ವೀಸಾ ಕಾಗದದಲ್ಲಿ ಅವನನ್ನು ಹೆಂಡತಿಯ ಅವಲಂಬಿತ ಎಂದು ಬರೆದಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಪರಿಚಯದವರು, ‘ಅಲ್ಲೋಗಿ ನೀನೇನ್ಲಾ ಮಾಡಿಯೆ?’ ಎಂದು ಕೇಳಿದರೆ ಅವನು ಗೂಡಿನ ಮೂಟೆ ಇಳಿಸಲು ತಿರುಗಿಕೊಳ್ಳುತ್ತಿದ್ದ. ಹೆಂಡತಿಯ ಬೆನ್ನ ಹಿಂದೆ ಸ್ಕೂಟರಿನಲ್ಲಿ ಕೂತು ಚನ್ನಪಟ್ಟಣ ಸುತ್ತುವುದು ಒಂದು, ಹೆಂಡತಿಯ ದುಡಿಮೆಯಲ್ಲಿ ಬೇರೆ ದೇಶದಲ್ಲಿ ಕೂತು ಉಣ್ಣುವುದು ಇನ್ನೊಂದು. ಒಂದು ಕೆಲಸ ಸಿಕ್ಕರೆ ಸಾಕು ಎಂದು ಅವನು ಕಂಡ ದೇವರಿಗೆಲ್ಲ ಕೈಮುಗಿದ.

ದೇವರು ಕೊಟ್ಟುಬಿಟ್ಟ. ಆ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಬ್ರಿಗಿಟ್ಟೆ ಎಂಬಾಕೆಗೆ ಒಬ್ಬ ಆಳು ಬೇಕೆಂದು ಆಸ್ಪತ್ರೆಯವರು ತಿಳಿಸಿದರು. ಒಂದು ದಿನ ಮಧ್ಯಾಹ್ನ ಆಕೆ ಲತಾಮಣಿಯ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡಿದಳು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅನಂತರಾಜು ಕೂತಿದ್ದ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಲತಾಮಣಿ ನಕ್ಕಾಗ ನಕ್ಕ, ಅವಳು ತಲೆಯಾಡಿಸಿದಾಗ ತಾನೂ ಜೋರಾಗಿ ತಲೆಯಾಡಿಸಿದ.

ಫೋನಿಟ್ಟ ಮೇಲೆ ಅವಳು ಹಿಗ್ಗಿನಿಂದ ಹೇಳಿದಳು. “ಕೆಲ್ಸ ಸಿಕ್ತು ಕಣ್ರೀ! ವಯಸ್ಸಾದೋರ ಮನೆಮನೆಗೆ ಹೋಗಿ ಔಷ್ದಿ ಕೊಟ್ಟು ಬರದು. ಸೈಕಲ್ಲಲ್ಲಿ. ‘ನಿಮ್ ಯಜಮಾನ್ರಿಗೆ ಸೈಕಲ್ ಅಭ್ಯಾಸ ಐತಾ’ ಅಂದ್ರು. ನಾನು ಅಂದೆ, ‘ಸೈಕಲ್ ಅಂಗ್ಡೀಲೇ ಹುಟ್ದೋರು ಮೇಡಂ’. ನೀವೂ ಸರಿಯಾಗಿ ತಲೆ ಆಡ್ಸುದ್ರಿ ಬುಡಿ.”

ಅನಂತರಾಜು ಎದ್ದು ಹೋಗಿ ಒಂದು ಚೊಂಬು ನೀರು ಕುಡಿದ.

ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಹೋಗಲಿ ಎಂದರೂ, ಮದುವೆಯಾದಂದಿನಿಂದ ಹೆಂಡತಿಯಿಂದ ಮುಚ್ಚಿಟ್ಟಿದ್ದು ಹೊರಗೆ ಬೀಳುತ್ತಿತ್ತು. ಮುಖ್ಯವಾಗಿ ಅಪ್ಪನಿಗೆ ಗೊತ್ತಾಗುತ್ತಿತ್ತು. ಊರಿಗೆಲ್ಲ ಸೈಕಲ್ ಕೊಟ್ಟ ಮನುಷ್ಯನ ಮಗನಿಗೆ ಸೈಕಲ್ ಬರುವುದಿಲ್ಲ ಎಂದು ತಿಳಿದರೆ ಮುದುಕ ಏನು ಎಂದುಕೊಂಡಾನು? ಅವನು ಬಾಯಿ ಮುಚ್ಚಿಕೊಂಡ.

ಪುಣ್ಯಕ್ಕೆ ಬ್ರಿಗಿಟ್ಟೆಯಿಂದ ಒಂದು ಮೆಸೇಜು ಬಂತು. ಸೈಕಲ್ಲನ್ನು ಅಂಗಡಿಯೇ ಕೊಡುತ್ತದೆ, ಆದರೆ ಪೆಡಲು ಮತ್ತು ಶೂ ಅವರವರ ಕಾಲಿಗೆ ತಕ್ಕಂತೆ ಅವರವರೇ ತಂದುಕೊಂಡರೆ ಒಳ್ಳೆಯದು, ನಿಮ್ಮಲ್ಲಿ ಅಗ್ಗವಾದರೆ ಅಲ್ಲೇ ಕೊಂಡುಬಿಡಿ ಎಂದಿತ್ತು. ಜೊತೆಗೆ ಇನ್ನೊಂದು ಸಾಲು: ವಿಮೆಯವರಿಗೆ ತೋರಿಸಲು, ಅವರು ಸೈಕಲ್ ಓಡಿಸುವ ಒಂದು ಸಣ್ಣ ವಿಡಿಯೊ ಕಳಿಸಿ.

“ಇವತ್ತೇ ತೆಗ್ದು ಕಳ್ಸ್ಬುಡಾನ. ಅಟ್ಟದ ಮೇಲೆ ಮಾವನ ಸೈಕಲ್ಲು ಒಂದು ಐತಲ್ಲ” ಎಂದಳು ಲತಾಮಣಿ.

“ಯಾವ್ದೋ ಪೆಡ್ಲಲ್ಲಿ ತೆಗ್ದು ಕಳುಸ್ಬಾರ್ದು ಕಣೇ. ಅವ್ರು ಪೆಡ್ಲು ಅಂತ ವಿಶೇಷವಾಗಿ ಬರ್ದವ್ರೆ ಅಂದ್ರೆ ಅದ್ರಲ್ಲಿ ಏನೋ ಐತೆ. ಮೊದ್ಲು ಪೆಡ್ಲು ಬರ್ಲಿ.”

ಸೈಕಲ್ ಅಂಗಡಿಯಲ್ಲಿ ಹುಟ್ಟಿದವನ ಮಾತು. ಅವಳು ಒಪ್ಪಿದಳು.

ಅಂದಿನಿಂದ ಅನಂತರಾಜು ಪೆಡಲುಗಳ ಅಧ್ಯಯನಕ್ಕೆ ಕೂತ. ಗೂಡು ಇಳಿಸಿ ಹರಾಜು ಮುಗಿಯುವವರೆಗೆ ಆಟೊದಲ್ಲಿ ಕಾಲು ಚಾಚಿ ಮೊಬೈಲಿನಲ್ಲಿ ಪೆಡಲಿನ ವಿಡಿಯೊಗಳನ್ನು ನೋಡಿದ. ಜಗತ್ತಿನಲ್ಲಿ ಮುಖ್ಯವಾಗಿ ಮೂರು ಬಗೆಯ ಪೆಡಲುಗಳಿವೆ ಎಂಬುದು ಅವನಿಗೆ ಖಚಿತವಾಯಿತು. ಒಂದು ಚಪ್ಪಟೆಯದು, ಅಂಗಾಲು ಜಾರದಿರಲೆಂದು ಮೇಲೆಲ್ಲ ಸಣ್ಣ ಮೊಳೆಗಳು. ಎರಡನೆಯದರಲ್ಲಿ ಮುಂಗಾಲನ್ನು ತೂರಿಸಿ ಪಟ್ಟಿ ಬಿಗಿಯಬೇಕು, ಉಳುವ ಎತ್ತಿಗೆ ಕಣ್ಣಿ ಕಟ್ಟಿದ ಹಾಗೆ. ಮೂರನೆಯದಕ್ಕೆ ಬೇರೆಯೇ ಶೂ. ಅದರ ಅಡಿಯಲ್ಲಿ ಒಂದು ಲೋಹದ ಬಿಲ್ಲೆ. ತುಳಿದರೆ ಟಕ್ ಎಂದು ಪೆಡಲು ಆ ಬಿಲ್ಲೆಯನ್ನು ಕಚ್ಚಿ ಹಿಡಿಯುತ್ತದೆ, ಹಿಮ್ಮಡಿಯನ್ನು ಆಚೆಗೆ ತಿರುಗಿಸುವವರೆಗೆ ಬಿಡುವುದಿಲ್ಲ.

ಇದನ್ನು ನೋಡಿದ ದಿನ ಅವನ ತಲೆಯಲ್ಲಿ ದೀಪ ಹೊತ್ತಿತು. ಹುಡುಗನಾಗಿದ್ದಾಗ, ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ, ಅಂಗಡಿಯ ಹಿಂದೆ ಅವನು ಕದ್ದು ಒಂದೆರಡು ಸಲ ಪ್ರಯತ್ನಿಸಿದ್ದ. ಪ್ರತಿ ಸಲವೂ ಆಗುತ್ತಿದ್ದುದು ಒಂದೇ: ಸೈಕಲ್ ಒಂದಿಷ್ಟು ವಾಲಿದ ಕೂಡಲೇ ಹೆದರಿಕೆಗೆ ಕಾಲು ತಾನಾಗಿ ಪೆಡಲು ಬಿಟ್ಟು ನೆಲಕ್ಕೆ ಬರುತ್ತಿತ್ತು, ಸೈಕಲ್ ಬೀಳುತ್ತಿತ್ತು. ಅಂದರೆ ಕಾಯಿಲೆ ಇರುವುದು ಕಾಲಿನಲ್ಲಿ. ಕಾಲನ್ನು ಪೆಡಲು ಕಚ್ಚಿ ಹಿಡಿದುಕೊಂಡರೆ ಅದು ನೆಲಕ್ಕೆ ಬರುವ ಮಾತೇ ಇಲ್ಲ. ಪೆಡಲು ಸೈಕಲ್ಲಿಗೆ ಸೇರಿದೆ, ಕಾಲು ಪೆಡಲಿಗೆ ಸೇರಿದೆ, ಮನುಷ್ಯ ಕಾಲಿಗೆ ಸೇರಿದ್ದಾನೆ. ಎಲ್ಲವೂ ಒಂದೇ ಆದ ಮೇಲೆ ಬೀಳುವವನು ಯಾರು? ಅವನು ಇದನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿದ. ಎಲ್ಲಿಯೂ ತಪ್ಪು ಕಾಣಲಿಲ್ಲ.

ಮಾಗಡಿಯಿಂದ ಸಾವನದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಮುನಿಕೃಷ್ಣ ಎಂಬಾತ ಅಂಥ ಸಾಮಾನಿನ ಅಂಗಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದರು. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಿಗಿ ಚಡ್ಡಿ ತೊಟ್ಟು ಸೈಕಲ್ಲಿನಲ್ಲಿ ಬೆಟ್ಟ ನೋಡಲು ಬರುವವರೇ ಅವನ ಗಿರಾಕಿಗಳು. ಅನಂತರಾಜು ಲಗೇಜ್ ಆಟೊದಲ್ಲಿ ಹೋಗಿ ಇಳಿದಾಗ ಅಂಗಡಿಯ ಮುಂದೆ ನಾಲ್ಕಾರು ಜನ ಕಾಫಿ ಕುಡಿಯುತ್ತ ನಿಂತಿದ್ದರು. ನಡೆದರೆ ಅವರ ಶೂಗಳು ಮೇಕೆ ಕಲ್ಲಿನ ಮೇಲೆ ಓಡಾಡಿದಂತೆ ಟಕಟಕ ಎನ್ನುತ್ತಿದ್ದವು.

“ಇದು ಹಾಕಿದ್ರೆ ಹೆಂಗೆ ಸರ್, ಕಾಲು ಜಾರದಾ?” ಎಂದು ಅವರಲ್ಲೊಬ್ಬನನ್ನು ಕೇಳಿದ.

“ಜಾರೋ ಪ್ರಶ್ನೇನೇ ಇಲ್ಲ. ಸೈಕಲ್ ನಿಮ್ಮ ಮೈಯ ಭಾಗ ಆಗಿಬಿಡುತ್ತೆ” ಎಂದ ಆತ.

ಅನಂತರಾಜುವಿಗೆ ಇನ್ನು ಯಾರನ್ನೂ ಕೇಳಬೇಕಾದ್ದಿರಲಿಲ್ಲ. ಆದರೂ ಕೇಳಿದ, ಹೊತ್ತು ಹೋಗಲಿ ಎಂದು. ಮುನಿಕೃಷ್ಣ ಇಟ್ಟ ಪೆಡಲುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಸ್ಪ್ರಿಂಗನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ಮುನಿಕೃಷ್ಣ ಯಾವುದು ಎಡಗಡೆಯದು ಎಂದು ಹೇಳಲು ಹೊರಟಾಗ, “ತಿರುಪಿನ ಮರೆ ಉಲ್ಟಾ ಐತಲ್ಲ, ಕಾಣ್ತದೆ” ಎಂದ. ಮುನಿಕೃಷ್ಣನಿಗೆ ಹಳೆಯ ಹುಲಿಯೊಬ್ಬ ಸಿಕ್ಕನೆಂದು ಬಹಳ ಸಂತೋಷವಾಯಿತು.

“ಅಣ್ಣ, ಅಲ್ಲೊಂದು ಟ್ರಯಲ್ ಸೈಕಲ್ ಐತೆ. ಹಾಕ್ಕೊಡ್ತೀನಿ, ಒಂದು ರೌಂಡು ಹೋಗ್ಬನ್ನಿ.”

“ಬ್ಯಾಡ. ಮಂಡಿ ಹಿಡ್ಕಂಡೈತೆ.”

“ಹಂಗಾದ್ರೆ ಒಂದು ಮಾತು ತಲೇಲಿಟ್ಕೊಳಿ. ನಿಲ್ಸೋಕೆ ಮುಂಚೆ ಹಿಮ್ಮಡಿ ಆಚೆಗೆ ತಿರುಗ್ಸಿ ಕಾಲು ಬಿಡಿಸ್ಕೋಬೇಕು. ಮರೆತ್ರೆ ನಿಂತಲ್ಲೇ ಬೀಳ್ತೀರ.”

“ನಿಲ್ಸದ್ರ ಮಾತು ಆಮೇಲೆ” ಎಂದ ಅನಂತರಾಜು. ಓಡಿದರೆ ತಾನೆ ನಿಲ್ಲಿಸುವುದು.

ಪೆಡಲು ಕೊಂಡ. ಶೂ ಕೊಳ್ಳಲಿಲ್ಲ. ಬೆಳಿಗ್ಗೆಯ ಹೊತ್ತಿನಲ್ಲಿ ಕಾಲಿನ ಅಳತೆ ಸರಿಯಾಗಿ ಸಿಗುವುದಿಲ್ಲ, ಸಂಜೆ ಹೋಗಿ ಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದ. ಆ ಸಂಜೆ ಬರಲು ಮೂರು ವಾರ ಹಿಡಿಯಿತು. ಕೊನೆಗೊಮ್ಮೆ ಹೋಗಿ ಶೂ ತಂದನಾದರೂ ಅದರ ತಳದಲ್ಲಿ ಬಿಲ್ಲೆ ಕೂರಿಸಲು ಮೂರು ತೂತುಗಳಿದ್ದವು. ಇವನ ಪೆಡಲಿನ ಬಿಲ್ಲೆಗೆ ಬೇಕಾದದ್ದು ಎರಡು ತೂತಿನದು. ಮುನಿಕೃಷ್ಣ ಅಂಗಡಿಯಲ್ಲೇ ಇದನ್ನು ಹೇಳಿದ್ದ. ಇವನಿಗೂ ಚೆನ್ನಾಗಿ ಗೊತ್ತಿತ್ತು. ಬದಲಾಯಿಸಿಕೊಂಡು ಬರಲು ಇನ್ನೊಂದು ಭಾನುವಾರ ಬೇಕಾಗುತ್ತದೆ ಎಂಬುದೂ ಗೊತ್ತಿತ್ತು.

“ಇಷ್ಟೆಲ್ಲ ತಿಳ್ದೋರು ಹೆಂಗ್ರೀ ತಪ್ಪು ತಂದ್ರಿ?” ಎಂದು ಲತಾಮಣಿ ಕೇಳಿದಳು.

“ಅಂಗ್ಡಿಯೋನು ಹೊಸಬ” ಎಂದ. ಪಾಪದ ಮುನಿಕೃಷ್ಣ.

ಕೊನೆಗೆ ಎರಡು ತೂತಿನ ಶೂ ಬಂತು. ಕಪ್ಪು, ಗಟ್ಟಿ ತಳ, ಮೇಲೆ ತಿರುಗಿಸಿದರೆ ಬಿಗಿಯುವ ಗುಂಡಿ. ಬ್ರಿಗಿಟ್ಟೆ ಎರಡು ಸಲ ವಿಡಿಯೊ ನೆನಪಿಸಿ ಆಗಿತ್ತು, ಮೂರನೆಯ ಸಲ ನಮಸ್ಕಾರವನ್ನು ಬಿಟ್ಟು ನೇರವಾಗಿ ವಿಷಯ ಬರೆದಿದ್ದಳು. ಇನ್ನು ಮುಂದೂಡಲು ಸೈಕಲ್ಲಿನಲ್ಲಿ ಯಾವ ಭಾಗವೂ ಉಳಿದಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅನಂತರಾಜು ಅಟ್ಟದ ಮೇಲಿನ ಸೈಕಲ್ ಇಳಿಸಿ, ಟೈರು ಬದಲಿಸಿ, ಎಣ್ಣೆ ಬಿಟ್ಟು, ಹೊಸ ಪೆಡಲು ಹಾಕಿದ. ಸೈಕಲ್ ಅಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ. ಮನೆಯ ಮುಂದಿನ ರಸ್ತೆಯಲ್ಲಿ ಕಾಂಪೌಂಡಿಗೆ ಒರಗಿಸಿ ಹತ್ತಿ ಕೂತ. ಎಡಗೈಯಲ್ಲಿ ಗೋಡೆ ಹಿಡಿದು ಬಲಗಾಲು ಒತ್ತಿದ. ಟಕ್. ಎಡಗಾಲು ಒತ್ತಿದ. ಟಕ್. ಲತಾಮಣಿ ಎದುರಿಗೆ ಮೊಬೈಲ್ ಹಿಡಿದು ನಿಂತಳು.

“ಹೂಂ, ಬನ್ರಿ.”

ಅವನು ಬರಲಿಲ್ಲ.

“ಯಾಕ್ರೀ?”

“ಗಾಳಿ ನೋಡ್ತಾ ಇವ್ನಿ.”

“ಚಕ್ರದ್ದಾ?”

“ಹೊರಗಿಂದು.”

ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಅವಳು ಕಾದಳು. ಅವನೂ ಕಾದ. ರಸ್ತೆಯಲ್ಲಿ ಒಂದು ಹಸು ಬಂದು, ಅವನನ್ನು ನೋಡಿ, ಹೋಯಿತು.

“ಗೋಡೆಯಿಂದ ಕೈ ತೆಗೀರಿ, ವಿಡಿಯೋದಲ್ಲಿ ಚೆಂದ ಕಾಣಕಿಲ್ಲ” ಎಂದಳು ಲತಾಮಣಿ.

ಅವನು ತನ್ನ ಸಿದ್ಧಾಂತವನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡ. ಪೆಡಲು, ಕಾಲು, ಮನುಷ್ಯ. ಕೈ ತೆಗೆದ. ಎಲ್ಲವೂ ಒಂದೇ ಆದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ ಎಂದುಕೊಂಡಿದ್ದ. ಒಟ್ಟಿಗೇ ಬೀಳಲೂಬಹುದು ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸೈಕಲ್ ಎರಡು ಮಾರು ಮುಂದೆ ಹೋಗಿ, ಸ್ವಲ್ಪ ಯೋಚಿಸಿ, ಬಲಕ್ಕೆ ವಾಲಿ, ಹಿಪ್ಪುನೇರಳೆ ಕಡ್ಡಿಯ ರಾಶಿಯ ಮೇಲೆ ಮಲಗಿತು. ಮೇಲೆ ಅನಂತರಾಜುವಿನ ಎಡಗಾಲು, ಕೆಳಗೆ ಬಲಗಾಲು, ಎರಡೂ ಪೆಡಲಿನಲ್ಲಿ ಭದ್ರ.

“ಕಾಲು ಬುಡಿಸ್ಕಳ್ರಿ!”

“ಬುಡಿಸ್ಕಳಕೆ ಬರಕಿಲ್ಲ.”

“ಏನಾಯ್ತ್ರೀ, ಸೈಕಲ್ಲು ಓಡ್ಸಕ್ಕೆ ಮರ್ತೋಯ್ತಾ?”

“ಅದೂ ಬರಕಿಲ್ಲ ಕಣೇ.”

“ಯಾವತ್ತಿಂದ?”

“ಮೊದ್ಲಿಂದ.”

ಲತಾಮಣಿ ಮೊಬೈಲ್ ಕೆಳಗಿಳಿಸಿದಳು. ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕೋಪ ಬಂದರೆ ಅವಳ ದನಿ ಆಸ್ಪತ್ರೆಯ ದನಿಯಾಗುತ್ತಿತ್ತು, ಮೆತ್ತಗೆ.

“ಹದಿನೆಂಟು ವರ್ಷ ಸ್ಕೂಟರಲ್ಲಿ ನನ್ ಹಿಂದೆ ಕೂತ್ರಿ. ನಮ್ ಯಜಮಾನ್ರು ಹೆಂಗುಸ್ರಿಗೆ ಮರ್ಯಾದೆ ಕೊಡ್ತಾರೆ ಅಂತ ಡ್ಯೂಟೀಲಿ ಎಲ್ರ ಮುಂದೂ ಹೇಳ್ಕಂಡಿವ್ನಿ.”

“ಕೊಡ್ತೀನಲ್ಲ.”

“ಹೆದ್ರುಕಂಡು ಕೂತಿದ್ರಿ.”

“ಎರಡೂವೆ” ಎಂದ ಅನಂತರಾಜು. ಅವನಿಗೆ ನಾಚಿಕೆಯಾಗಿತ್ತು. ಬಿದ್ದುದಕ್ಕಲ್ಲ, ಅವಳು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡದ್ದು ಸುಳ್ಳಾಯಿತಲ್ಲ ಎಂದು.

ಅವಳು ಶೂ ಸಡಿಲಿಸಿ ಅವನ ಕಾಲುಗಳನ್ನು ಹೊರಗೆಳೆದಳು. ಶೂಗಳು ಪೆಡಲಿನಲ್ಲೇ ಉಳಿದವು. ಅಷ್ಟರಲ್ಲಿ ಸದ್ದು ಕೇಳಿ ತಿಮ್ಮಯ್ಯ ಬಾಗಿಲಿಗೆ ಬಂದಿದ್ದ. ಪಂಚೆ ಎತ್ತಿಕಟ್ಟಿಕೊಂಡು, ಎಪ್ಪತ್ತನಾಲ್ಕರ ನೆಟ್ಟನೆಯ ಆಸಾಮಿ. ಶೂ ತೊಟ್ಟು ಮಲಗಿದ ಸೈಕಲ್ಲನ್ನೂ ಬರಿಗಾಲಿನಲ್ಲಿ ಕೂತ ಮಗನನ್ನೂ ನೋಡಿದ.

“ಏನ್ಲಾ ಇದು?”

ಅನಂತರಾಜು ಕಡ್ಡಿಗಳ ಕಡೆ ನೋಡಿದ. ಹೇಳಿದ್ದು ಲತಾಮಣಿ. “ಮಾವ, ಇವ್ರಿಗೆ ಸೈಕಲ್ಲೇ ಬರಕಿಲ್ವಂತೆ. ಹುಟ್ಟಿದಾರಭ್ಯ.”

ತಿಮ್ಮಯ್ಯ ಬೈಯುತ್ತಾನೆ ಎಂದು ಇಬ್ಬರೂ ಕಾದರು. ಅವನು ಜಗಲಿಯ ಕಲ್ಲಿನ ಮೇಲೆ ನಿಧಾನವಾಗಿ ಕೂತ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. ಬೆವರೇನೂ ಬಂದಿರಲಿಲ್ಲ.

“ಎಲ್ಲಿಂದ ಬಂದಾದ್ಲಾ? ನಂಗೂ ಬರಕಿಲ್ಲ.”

ಉಳಿದದ್ದನ್ನು ಅವನು ಹೇಳಿದ್ದು ಸೊಸೆಯ ಕಡೆ ತಿರುಗಿ, ಮಗನ ಮುಖ ನೋಡದೆ.

“ಕುರಿ ಮಾರಿ ಅಂಗ್ಡಿ ಇಟ್ಟೆ ಕಣವ್ವ. ಒಳ್ಳೆ ಯಾಪಾರ ಅಂದ್ರು, ಇಟ್ಟೆ. ಸೈಕಲ್ ಇಟ್ಟೋನಿಗೆ ಸೈಕಲ್ ಬತ್ತದಾ ಅಂತ ಯಾವನು ಕೇಳಾನು? ಎಲ್ಲೋದ್ರೂ ತಳ್ಕಂಡೇ ಹೋಯ್ತಿದ್ದೆ. ಟೈರು ಸವೆದೋಯ್ತದೆ ಅಂತ ತಳ್ತಾನೆ, ಜಿಪುಣ ನನ್ಮಗ ಅಂದ್ರು. ಅನ್ನಿಸ್ಕಂಡೆ. ಬರಕಿಲ್ಲ ಅನ್ನಿಸ್ಕಳದಕ್ಕಿಂತ ಅದೇ ವಾಸಿ ಅನ್ನುಸ್ತು.”

“ಮತ್ತೆ, ಮನೆಯೋರು ಹತ್ಬಾರ್ದು ಅಂತ…” ಎಂದು ಲತಾಮಣಿ ಶುರು ಮಾಡಿದಳು.

“ಇವ್ನು ಕಲ್ತಿದ್ರೆ, ಬಾರಪ್ಪ ನೀನೊಂದ್ರಲ್ಲಿ ನಾನೊಂದ್ರಲ್ಲಿ ಹೋಗಾನ ಅಂತಿದ್ದ. ಆಗ ನಾನೇನು ಹೇಳ್ಲಿ? ಮಗನ ಮುಂದೆ ಚಿಕ್ಕೋನಾಗ್ಬುಡ್ತೀನಿ ಅಂತ ಭಯ ಕಣವ್ವ. ಅದ್ಕೇ ಹತ್ತದೇ ಬ್ಯಾಡ ಅಂದೆ.”

ಅನಂತರಾಜುವಿಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯ ತುಂಬ ಸೈಕಲ್ ಇಟ್ಟುಕೊಂಡು, ಊರ ಮಕ್ಕಳೆಲ್ಲ ಅವುಗಳ ಮೇಲೆ ಹಾರಿಕೊಂಡು ಹೋಗುವಾಗ ತಾನು ಪಂಪು ಹಿಡಿದು ನಿಂತದ್ದು ಬಾಡಿಗೆಯ ನಷ್ಟಕ್ಕಲ್ಲ, ಅಪ್ಪನ ಮರ್ಯಾದೆಗೆ. ಬಾಯಿಗೆ ಬಂದದ್ದನ್ನು ಅನ್ನಲು ಎದ್ದು ನಿಂತ. ಆಗ ಚೈತ್ರಾ ನೆನಪಾದಳು. ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಲ್ಲಿ ಸರ್ಕಾರದ ಸೈಕಲ್ ಕೊಟ್ಟಾಗ ಅವಳು ಕುಣಿದಿದ್ದಳು. ಹೈವೇಯಲ್ಲಿ ಲಾರಿ ಜಾಸ್ತಿ ಎಂದು ಹೇಳಿ ಅದನ್ನು ಯಾರಿಗೋ ಕೊಟ್ಟುಬಿಟ್ಟು, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವಳನ್ನು ಆಟೊದಲ್ಲೇ ಬಿಟ್ಟುಬಂದವನು ತಾನೇ. ಸ್ಕೂಲಿನ ದಾರಿಯಲ್ಲಿ ಹೈವೇಯೇ ಇರಲಿಲ್ಲ. ಮಗಳು ಹತ್ತಿದರೆ ಒಂದು ದಿನ ‘ನೀನೂ ಬಾರಪ್ಪ’ ಎನ್ನುತ್ತಾಳೆ ಎಂದು ಹೆದರಿದ್ದ. ಅವನ ಬಾಯಿಗೆ ಬಂದದ್ದು ಅಲ್ಲೇ ನಿಂತಿತು.

“ಲತಾ, ಆ ಯಮ್ಮನಿಗೆ ನಿಜ ಬರ್ದುಬುಡು” ಎಂದ.

ಅವಳು ಬರೆದಳು. ನನ್ನ ಗಂಡನಿಗೆ ಸೈಕಲ್ ಬಿಚ್ಚಲು, ಜೋಡಿಸಲು ಬರುತ್ತದೆ, ಓಡಿಸಲು ಬರುವುದಿಲ್ಲ, ನನಗೂ ಇವತ್ತೇ ಗೊತ್ತಾಯಿತು, ಕ್ಷಮಿಸಿ ಎಂದು. ಮಾರನೆಯ ದಿನ ಉತ್ತರ ಬಂತು. ಬ್ರಿಗಿಟ್ಟೆಗೆ ಇಂಥ ವಿಷಯದಲ್ಲಿ ತಮಾಷೆ ಕಾಣುತ್ತಿರಲಿಲ್ಲ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಅಷ್ಟರಲ್ಲಿ ವಿಡಿಯೊ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು.

ಅನಂತರಾಜು ಕಚ್ಚುವ ಪೆಡಲನ್ನು ಬಿಚ್ಚಿದ. ಚನ್ನಪಟ್ಟಣದಲ್ಲಿ ಶರೀಫನ ಸೈಕಲ್ ಸಾಮಾನಿನ ಅಂಗಡಿಗೆ ಹೋಗಿ, ಹಾಲಿನವರೂ ಪೇಪರಿನವರೂ ಹಾಕಿಸಿಕೊಳ್ಳುವ ಸಾದಾ ರಬ್ಬರ್ ಪೆಡಲು ಒಂದು ಜೊತೆ ತೆಗೆದುಕೊಂಡ. ಪಕ್ಕದಲ್ಲೇ ಒಂದು ಜೊತೆ ಕ್ಯಾನ್ವಾಸ್ ಶೂ. ಈ ಖರೀದಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಕಲಿಸುವ ಕೆಲಸ ಲತಾಮಣಿಯದು. ಕೆರೆ ಏರಿಯ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಅವಳು ಡ್ಯೂಟಿಗೆ ಹೋಗುವ ಮುಂಚೆ. ಗೊತ್ತಾಗಿದ್ದು ಗೊತ್ತಾಯಿತು ಎಂದ ಮೇಲೆ ಊರಿನವರೂ ನೋಡಲು ಬಂದರು, ನಕ್ಕರು, ಒಂದು ವಾರದಲ್ಲಿ ಬೇಜಾರಾಗಿ ಮನೆಗೆ ಹೋದರು. ತಿಮ್ಮಯ್ಯ ದಿನವೂ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದ. ಅಪ್ಪ ಮಗ ಮಾತಾಡುತ್ತಿರಲಿಲ್ಲ. ಜಗಳವೆಂದಲ್ಲ, ಮಾತಾಡಲು ಹೋದರೆ ಎಲ್ಲಿಂದ ಶುರು ಮಾಡಬೇಕೋ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅನಂತರಾಜು ಬಿದ್ದಾಗಲೆಲ್ಲ ಮುದುಕ ಎದ್ದು ನಿಲ್ಲುತ್ತಿದ್ದ, ಅವನು ಎದ್ದ ಮೇಲೆ ಕೂರುತ್ತಿದ್ದ. ಅಷ್ಟೇ.

ತಿಂಗಳ ಕೊನೆಯ ಭಾನುವಾರ ಲತಾಮಣಿ ಏರಿಯ ಇನ್ನೊಂದು ತುದಿಯಲ್ಲಿ ಮೊಬೈಲ್ ಹಿಡಿದು ನಿಂತಳು. ಅನಂತರಾಜು ಈ ತುದಿಯಿಂದ ಹೊರಟ. ಎಡಕ್ಕೆ ಕೆರೆ, ಬಲಕ್ಕೆ ಇಳಿಜಾರು. ಹಿಂದೆ ತಿರುಗಿ ನೋಡಿದರೆ ಬೀಳುತ್ತಾನೆ ಎಂಬುದು ಅವನಿಗೆ ಅಭ್ಯಾಸದಿಂದ ಗೊತ್ತಿತ್ತು. ಹಾಗಾಗಿ ಮುಂದಿದ್ದ ಹೆಂಡತಿಯ ಸೀರೆಯ ಬಣ್ಣವನ್ನೇ ದಿಟ್ಟಿಸಿ ತುಳಿದ. ಹ್ಯಾಂಡಲ್ ಅತ್ತ ಇತ್ತ ಆಡಿತು. ಕಾಲು ನೆಲಕ್ಕೆ ಬರಲಿಲ್ಲ. ಅವಳ ಹತ್ತಿರ ಬಂದು, ಬ್ರೇಕು ಹಿಡಿದು, ಕಾಲೂರಿ, ನೆಟ್ಟಗೆ ನಿಂತ. ಉಸಿರು ಬಿಡಲು ಮರೆತಿದ್ದ. ಬಿಟ್ಟ. ಲತಾಮಣಿ ವಿಡಿಯೊ ಕಳಿಸಿದಳು, ಕಣ್ಣು ಒರೆಸಿಕೊಂಡಳು. ಅಂತೂ ಕಲಿತನಲ್ಲ ಎಂದು ಅತ್ತಳೆಂದು ಅವನು ತಿಳಿದ.

ಸಂಜೆ ಬ್ರಿಗಿಟ್ಟೆಯ ಉತ್ತರ ಬಂತು. ಲತಾಮಣಿ ಓದಿ ಕನ್ನಡದಲ್ಲಿ ಹೇಳಿದಳು. “ಕೆಲ್ಸ ನಿಮ್ದೇ ಅಂತೆ. ಹೆಲ್ಮೆಟ್ ಹಾಕ್ಕಬೇಕಂತೆ. ಇನ್ನೊಂದು ಕೇಳವ್ರೆ: ವಿಡಿಯೋದಲ್ಲಿ ಹಿಂದೆ ಓಡಿ ಬರ್ತಾ ಇರೋ ಮುದುಕರು ಯಾರು ಅಂತ.”

“ಯಾವ ಮುದುಕ?”

ಅವಳು ಮೊಬೈಲನ್ನು ಅವನ ಕೈಗೆ ಕೊಟ್ಟಳು. ಅವನು ಅದುವರೆಗೆ ವಿಡಿಯೊ ನೋಡಿರಲಿಲ್ಲ. ತಾನು ಹೇಗೆ ಕಾಣುತ್ತೇನೋ ಎಂಬ ಸಂಕೋಚ. ಈಗ ನೋಡಿದ. ಏರಿಯ ಮೇಲೆ ಒಬ್ಬ ಮನುಷ್ಯ ಬಾಯಿ ಬಿಗಿಹಿಡಿದು, ಓಲಾಡುತ್ತ, ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅವನ ಬೆನ್ನ ಹಿಂದೆ, ಪಂಚೆಯನ್ನು ಮಂಡಿಯ ಮೇಲೆ ಕಟ್ಟಿ, ಚಪ್ಪಲಿ ಬಿಟ್ಟು, ತಿಮ್ಮಯ್ಯ ಓಡುತ್ತಿದ್ದ. ಸೈಕಲ್ಲನ್ನು ಹಿಡಿದಿರಲಿಲ್ಲ. ಕ್ಯಾರಿಯರಿನಿಂದ ಒಂದು ಗೇಣು ದೂರದಲ್ಲಿ ಕೈ ಚಾಚಿಕೊಂಡು, ಸೈಕಲ್ ವಾಲಿದ ಕಡೆಗೆಲ್ಲ ತಾನೂ ವಾಲುತ್ತ, ಏರಿಯ ಆ ತುದಿಯಿಂದ ಈ ತುದಿಯವರೆಗೂ ಓಡಿ ಬಂದಿದ್ದ. ಮಗ ನಿಂತ ಕೂಡಲೇ ಕೈ ಹಿಂದಕ್ಕೆಳೆದುಕೊಂಡು, ಏನೂ ಆಗದವನಂತೆ ಕೆರೆಯ ಕಡೆ ತಿರುಗಿ ನಿಂತಿದ್ದ.

“ಏನಂತ ಬರೀಲಿ?” ಎಂದು ಕೇಳಿದಳು ಲತಾಮಣಿ.

ಅನಂತರಾಜು ಹೊರಗೆ ನೋಡಿದ. ಜಗಲಿಯ ಮೇಲೆ ತಿಮ್ಮಯ್ಯ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ, ಯಾಕೆ ನೋವು ಎಂದು ಯಾರಾದರೂ ಕೇಳಿಯಾರು ಎಂಬಂತೆ ಅತ್ತ ತಿರುಗಿಕೊಂಡು.

“ನಂಗೆ ಸೈಕಲ್ ಕಲ್ಸ್ದೋರು ಅಂತ ಬರಿ” ಎಂದು ಹೇಳಿ, ಅವನು ಎದ್ದು ಹೋಗಿ ಅಪ್ಪನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡ.